ಶುಕ್ರವಾರದ ಹಾಕಿ

ನಮ್ಮ ಟೀಮಿಗೆ ಪೆನಾಲ್ಟಿ ಕಾರ್ನರ್ (ಎದುರಾಳಿಯ ತಪ್ಪಿಗೆ ಸಿಗುವ ಗೋಲು ಹೊಡೆಯುವ ಅವಕಾಶ) ಸಿಕ್ಕಿತು ಅಂದರೆ ಎದುರು ಟೀಮಿನ ನಾಲ್ಕು ಹುಡುಗಿಯರು ಗಡಿಬಿಡಿಯಲ್ಲಿ ಮುಖಕ್ಕೆ ಮಾಸ್ಕ್ ಏರಿಸಿ ಗೋಲ್‌ಕೀಪರ್ ಪಕ್ಕ ನಿಲ್ಲುತ್ತಾರೆ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಓಡಿದರೆ ಹಿಂದೆ ಸಣ್ಣ ಹನಿಗಳ ಗೆರೆ. ಆ ಕ್ಷಣ ನಾನು ಉಸಿರು ಬಿಡೋದಿಲ್ಲ.

ಅಮೆರಿಕದ ಮಿಷಿಗನ್ ಯೂನಿವರ್ಸಿಟಿ ಅಂದರೆ ಎಲ್ಲರಿಗೂ ಅಮೆರಿಕನ್ ಫುಟ್‌ಬಾಲ್. ಶನಿವಾರ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ನಲ್ಲಿ ಊರಿಗೆ ಊರೇ ಹಳದಿ, ನೀಲಿ. ಸ್ಟೇಡಿಯಂನಲ್ಲಿ ಲಕ್ಷಕ್ಕೂ ಜಾಸ್ತಿ ಸೀಟು. 2023ರ ಸೀಸನ್‌ನಲ್ಲಿ ಆಡಿದ 15 ಪಂದ್ಯವನ್ನೂ ಗೆದ್ದು ಚಾಂಪಿಯನ್ ಆದಾಗ ಗಂಟಲು ಕಟ್ಟುವಷ್ಟು ಕೂಗಿದ್ದೆ.

ಆದರೂ ನನ್ನ ಜೀವ ಇರುವುದು ಹುಡುಗಿಯರ ಹಾಕಿ ಟೀಮಿನಲ್ಲಿ. ಈ ಯೂನಿವರ್ಸಿಟಿಯ ಮಹಿಳಾ ಟೀಮುಗಳಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ತಂದವರೇ ಇವರು, 2001ರಲ್ಲಿ. ಕೊಡಗಿನವಳು ನಾನು. ಮನೆತನಕ್ಕೊಂದು ಟೀಮ್ ಕಟ್ಟಿ ಆಡುವ ನಮ್ಮ ಹಾಕಿ ಹಬ್ಬ ನೋಡುತ್ತಾ ಬೆಳೆದವಳು. ಇಲ್ಲಿ ಸ್ಟಿಕ್‌ಗೆ ಚೆಂಡು ತಾಗುವ ಟಕ್ ಸದ್ದು ಕೇಳಿದರೆ ಸಾಕು, ಅಪ್ಪನ ಪಕ್ಕ ಕೂತ ಹಾಗೇ ಅನ್ನಿಸುತ್ತದೆ.

ಗ್ಯಾಲರಿಯಲ್ಲಿ ಜನ ಕಡಿಮೆ. ಅದೊಂದು ನೋವು. ಅಷ್ಟೇ ಬೆವರು, ಅದೇ ಹಳದಿ ಬಣ್ಣ ಅಲ್ವಾ?

ಈ ಶುಕ್ರವಾರ ಮತ್ತೆ ಮ್ಯಾಚ್. ಫ್ಲಾಸ್ಕ್ ತುಂಬ ಕಾಫಿ ತರುತ್ತೇನೆ, ಹತ್ತಿರ ಇರುವವರು ಬನ್ನಿ.