ಟೈಟಲ್ ಸರಿಯಿದೆಯೇ ಎಂದು ಅಡ್ಮಿನ್‌ನಲ್ಲಿ ನೋಡಬೇಡಿ, ಸೋರ್ಸ್‌ನಲ್ಲಿ ನೋಡಿ

ಗೂಗಲ್ ಫಲಿತಾಂಶದಲ್ಲಿ ಕಾಣಲೆಂದು ಪುಟಕ್ಕೆ ಕೊಡುವ ಹೆಸರು ಟೈಟಲ್, ಅದರ ಕೆಳಗೆ ಬರಲೆಂದು ಬರೆಯುವ ಕಿರು ವಿವರ ಮೆಟಾ ಡಿಸ್ಕ್ರಿಪ್ಷನ್. ಸೈಟ್ ನಿರ್ವಹಿಸುವ ಅಡ್ಮಿನ್ ಪುಟದಲ್ಲಿ ಈ ಎರಡೂ ಬಾಕ್ಸ್ ತುಂಬಿದ್ದರೆ ಕೆಲಸ ಮುಗಿಯಿತು ಎಂದುಕೊಳ್ಳುವ ಆನ್‌ಲೈನ್ ಅಂಗಡಿಗಳೇ ಹೆಚ್ಚು. ಅಲ್ಲಿ ಬರೆದದ್ದು ಪುಟಕ್ಕೆ ಬರುವಷ್ಟರಲ್ಲಿ ಥೀಮ್ (ಸೈಟಿನ ವಿನ್ಯಾಸದ ಕೋಡ್), ಎಸ್‌ಇಒ ಪ್ಲಗಿನ್ (ಹುಡುಕಾಟದಲ್ಲಿ ಚೆನ್ನಾಗಿ ಕಾಣಲೆಂದು ಸೇರಿಸಿಕೊಳ್ಳುವ ಸಾಫ್ಟ್‌ವೇರ್) ಎರಡೂ ಅದಕ್ಕೆ ಕೈ ಹಾಕಿರಬಹುದು.

ಮೊದಲು ಹೋಮ್ ಪುಟ, ಒಂದು ಕೆಟಗರಿ, ಅದೇ ಕೆಟಗರಿಯ ಎರಡನೇ ಪುಟ, ಬಣ್ಣ ಅಥವಾ ಅಳತೆಯ ಆಯ್ಕೆ ಇರುವ ಒಂದು ಪ್ರಾಡಕ್ಟ್, ಸ್ಟಾಕ್ ಮುಗಿದ ಒಂದು ಪ್ರಾಡಕ್ಟ್ ತೆರೆಯಿರಿ. ಒಂದೇ ಟೆಂಪ್ಲೇಟಿನ ಪುಟಗಳು ಸಾಮಾನ್ಯವಾಗಿ ಒಂದೇ ಥರ ಕೆಡುತ್ತವೆ, ಆದ್ದರಿಂದ ಇಷ್ಟರಲ್ಲೇ ಬಹಳಷ್ಟು ಸಿಗುತ್ತದೆ. ಕಂಟ್ರೋಲ್-ಯು ಒತ್ತಿ ಸೋರ್ಸ್, ಅಂದರೆ ಪುಟದ ಹಿಂದಿನ ಕೋಡ್ ನೋಡಿ. ಕೋಡ್‌ನ ಮೇಲಿನ ‘ಹೆಡ್’ ಭಾಗದಲ್ಲಿ ಒಂದೇ ಟೈಟಲ್, ಒಂದೇ ಡಿಸ್ಕ್ರಿಪ್ಷನ್ ಇರಬೇಕು. ಡಿಸ್ಕ್ರಿಪ್ಷನ್ ಎರಡಿದ್ದರೆ ಥೀಮ್ ಒಂದು, ಪ್ಲಗಿನ್ ಇನ್ನೊಂದು ಹಾಕುತ್ತಿರುವ ಸಾಧ್ಯತೆ ಹೆಚ್ಚು, ಒಂದನ್ನು ನಿಲ್ಲಿಸಿ. ಕಾರ್ಟ್‌ನಂಥ ಎಸ್‌ವಿಜಿ ಐಕಾನ್‌ಗಳ ಒಳಗೂ ಟೈಟಲ್ ಟ್ಯಾಗ್ ಇರುತ್ತದೆ, ಅದು ತಪ್ಪಲ್ಲ.

ಇಂಚಿನ ಗುರುತನ್ನು ಮಾತ್ರ ತಪ್ಪದೇ ಪರೀಕ್ಷಿಸಿ. ‘12" ಬೀಡು ಕಬ್ಬಿಣದ ದೋಸೆ ಕಾವಲಿ, ಎಣ್ಣೆ ಹಚ್ಚಿ ಹದ ಮಾಡಿದ್ದು’ ಎಂಬ ಡಿಸ್ಕ್ರಿಪ್ಷನ್ ಅಡ್ಮಿನ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೋಡ್‌ನಲ್ಲಿ ಈ ಪಠ್ಯ ಡಬಲ್ ಕೋಟ್‌ಗಳ ನಡುವೆ ಕೂರುತ್ತದೆ. ಥೀಮ್ ಅದನ್ನು ಎಸ್ಕೇಪ್ ಮಾಡದಿದ್ದರೆ, ಅಂದರೆ ಒಳಗಿನ ಗುರುತನ್ನು ಬರೀ ಪಠ್ಯವೆಂದು ಓದುವಂತೆ ಬದಲಿಸದಿದ್ದರೆ, 12ರ ಮುಂದಿನ ಗುರುತೇ ಮುಕ್ತಾಯವಾಗಿ, ಗೂಗಲ್‌ಗೆ ಸಿಗುವ ಡಿಸ್ಕ್ರಿಪ್ಷನ್ ಬರೀ ‘12’. ಶಾಪಿಫೈ ಥೀಮ್‌ನಲ್ಲಿ ಎಸ್ಕೇಪ್ ಫಿಲ್ಟರ್ ಸೇರಿಸಿದರೆ ಸರಿಹೋಗುತ್ತದೆ. ಥೀಮ್ ಮುಟ್ಟಲು ಆಗದಿದ್ದರೆ ‘12 ಇಂಚು’ ಎಂದೇ ಬರೆಯಿರಿ.

ಆಮೇಲೆ ಇಡೀ ಸೈಟ್ ಕ್ರಾಲ್ ಮಾಡಿ, ಅಂದರೆ ಎಲ್ಲ ಪುಟಗಳನ್ನೂ ಸಾಫ್ಟ್‌ವೇರ್‌ನಿಂದ ಓದಿಸಿ. ಇದಕ್ಕಿರುವ ಸ್ಕ್ರೀಮಿಂಗ್ ಫ್ರಾಗ್ ಎಂಬ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ 500 ಯುಆರ್‌ಎಲ್‌ವರೆಗೆ (ವೆಬ್ ವಿಳಾಸ) ನೋಡುತ್ತದೆ. ಡೂಪ್ಲಿಕೇಟ್ ಟೈಟಲ್‌ಗಳ ಪಟ್ಟಿ ಉದ್ದ ಬಂದರೆ ಗಾಬರಿ ಬೇಡ. ಅದರಲ್ಲಿ ಬಹುಪಾಲು ಬಣ್ಣದ ಆಯ್ಕೆ, ಫಿಲ್ಟರ್, ಸಾರ್ಟ್‌ನಿಂದ ಹುಟ್ಟಿದ ವಿಳಾಸಗಳೇ ಆಗಿರುತ್ತವೆ. ಅವುಗಳ ಕ್ಯಾನೊನಿಕಲ್ (ಅಸಲಿ ಪುಟ ಯಾವುದು ಎಂದು ಗೂಗಲ್‌ಗೆ ಹೇಳುವ ಟ್ಯಾಗ್) ಮೂಲ ಪುಟಕ್ಕೆ ಹೋಗುತ್ತಿದ್ದರೆ ಬಿಟ್ಟುಬಿಡಿ. ಕೆಟಗರಿಯ ಎರಡನೇ ಪುಟವನ್ನು ಮಾತ್ರ ಮೊದಲನೆಯದಕ್ಕೆ ಕ್ಯಾನೊನಿಕಲ್ ಮಾಡಬೇಡಿ. ಅದರಲ್ಲಿರುವ ಪ್ರಾಡಕ್ಟ್‌ಗಳೇ ಬೇರೆ. ಟೈಟಲ್‌ಗೆ ‘ಪುಟ 2’ ಸೇರಿಸಿದರೆ ಸಾಕು.

ಉದ್ದದ ವಿಷಯ. ಗೂಗಲ್ ಅಕ್ಷರಗಳ ಮಿತಿ ಹಾಕಿಲ್ಲ, ಜಾಗದ ಅಗಲ ನೋಡಿ ಕತ್ತರಿಸುತ್ತದೆ. ಟೈಟಲ್‌ಗೆ 60, ಡಿಸ್ಕ್ರಿಪ್ಷನ್‌ಗೆ 160 ಎಂಬ ಲೆಕ್ಕ ಇಂಗ್ಲಿಷ್‌ಗೆ ಹೊಂದುವ ಅಂದಾಜು. ಕನ್ನಡ ಪುಟಕ್ಕೆ ಅದನ್ನು ಹಾಗೇ ಹಚ್ಚಿದರೆ ಮೋಸ ಹೋಗುತ್ತೀರಿ: ಸ್ಪ್ರೆಡ್‌ಶೀಟ್‌ನಲ್ಲಿ ಅಕ್ಷರ ಎಣಿಸುವ ಲೆನ್ (LEN) ಫಾರ್ಮುಲಾ ‘ಸ್ತ್ರೀ’ಯನ್ನು 6 ಎಂದು ಎಣಿಸುತ್ತದೆ, ತೆರೆಯ ಮೇಲೆ ಅದು ಒಂದೇ ಅಕ್ಷರ. ಫೋನ್‌ನಲ್ಲಿ ಹುಡುಕಿ ಕಣ್ಣಾರೆ ನೋಡುವುದೇ ಸರಿ. ವಸ್ತು, ಲೋಹ, ಅಳತೆ ಮುಂದೆ ಇರಲಿ, ಅಂಗಡಿ ಹೆಸರು ಕೊನೆಗೆ. ಆಗ ಕತ್ತರಿಸಿದರೂ ಗಿರಾಕಿಗೆ ಬೇಕಾದದ್ದು ಉಳಿಯುತ್ತದೆ.

ಗೂಗಲ್ ನಿಮ್ಮ ಟೈಟಲ್ ಬದಲಿಸಿ ತೋರಿಸುತ್ತಿದ್ದರೆ ಪುಟದ ದೊಡ್ಡ ಹೆಡಿಂಗ್ ನೋಡಿ. ಎರಡೂ ಬೇರೆ ಬೇರೆ ಹೇಳುತ್ತಿರಬಹುದು, ಇಲ್ಲವೇ ಎಲ್ಲ ಪುಟದಲ್ಲೂ ಅದೇ ಸಾಲು ಅಂಟಿಕೊಂಡಿರಬಹುದು. ಡಿಸ್ಕ್ರಿಪ್ಷನ್ ಬದಲಾಗುವುದು ದೋಷವಲ್ಲ. ಹುಡುಕಿದ ಪದಕ್ಕೆ ಹೊಂದುವ ಸಾಲನ್ನು ಗೂಗಲ್ ಪುಟದಿಂದಲೇ ಎತ್ತಿಕೊಳ್ಳುತ್ತದೆ. ಆದರೆ ಎತ್ತಿಕೊಂಡದ್ದು ಡೆಲಿವರಿ ಬ್ಯಾನರ್‌ನ ಸಾಲಾದರೆ ಆ ಬ್ಯಾನರ್‌ನ ಕೋಡ್‌ಗೆ ಡೇಟಾ-ನೋಸ್ನಿಪೆಟ್ (ಈ ಸಾಲನ್ನು ಫಲಿತಾಂಶದಲ್ಲಿ ತೋರಿಸಬೇಡ ಎಂಬ ಸೂಚನೆ) ಹಾಕಿ, ಪ್ರಾಡಕ್ಟ್ ಬಗ್ಗೆ ನಾಲ್ಕು ಸಾಲು ನಿಜವಾದ ವಿವರ ಬರೆಯಿರಿ.

ತಿದ್ದಿದ ಮೇಲೆ ಸೈಟ್ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮುಖ್ಯ ಪುಟಗಳಿಗೆ ಮರುಇಂಡೆಕ್ಸ್ ಕೇಳಿ, ಅಂದರೆ ಅವನ್ನು ಮತ್ತೆ ಓದಲು ಹೇಳಿ. ಫಲ ಅಳೆಯುವಾಗ ಅದೇ ಪುಟ, ಅದೇ ಪದ, ಹೆಚ್ಚುಕಡಿಮೆ ಅದೇ ಸ್ಥಾನ ಇಟ್ಟುಕೊಂಡು 28 ದಿನಗಳ ಸಿಟಿಆರ್ (ಫಲಿತಾಂಶ ಕಂಡ ಸಲಗಳಲ್ಲಿ ಶೇಕಡಾ ಎಷ್ಟು ಕ್ಲಿಕ್ ಆಯಿತು ಎಂಬ ಲೆಕ್ಕ) ಹೋಲಿಸಿ. ಇಡೀ ಸೈಟಿನ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಗೂಗಲ್ ಮತ್ತೆ ಬಂದು ಓದಲು ಕೆಲವು ದಿನವೋ ವಾರಗಳೋ ಹಿಡಿಯಬಹುದಾದ್ದರಿಂದ, ‘ದೀಪಾವಳಿ ಆಫರ್’ ಎಂದು ಟೈಟಲ್‌ಗೆ ಸೇರಿಸುವ ದಿನವೇ ಅದನ್ನು ತೆಗೆಯುವ ತಾರೀಖನ್ನೂ ಶೀಟ್‌ನಲ್ಲಿ ಬರೆದಿಡಿ.