ಜಿಪ್ಸಿ ದಿನಚರಿ: ನಾವು ಗಾಳಿ ಬಿಟ್ಟೆವು, ಮರಳು ನಮ್ಮನ್ನು ಬಿಟ್ಟಿತು

ಹಿಂದಿನ ಸಲ ಬರೆದಾಗ ನನ್ನ ಮಾರುತಿ ಜಿಪ್ಸಿಯ ಕ್ಲಚ್ ಬಿಚ್ಚಿಟ್ಟು ಕೂತಿದ್ದೆ. ಈಗ ಗಾಡಿ ಜೈಸಲ್ಮೇರ್ ನೋಡಿ, ಥಾರ್ ಮರುಭೂಮಿಯಲ್ಲಿ ಎರಡು ರಾತ್ರಿ ಕಳೆದು, ಬಸವನಗುಡಿಗೆ ವಾಪಸ್ ಬಂದು ಮನೆ ಮುಂದೆ ನಿಂತಿದೆ. ಡ್ಯಾಶ್‌ಬೋರ್ಡ್ ತಟ್ಟಿದರೆ ಇವತ್ತಿಗೂ ಮರಳು ಉದುರುತ್ತದೆ.

ಹೋಗುವ ಮುಂಚೆ ಆದ ಕೆಲಸ: ಹೊಸ ಕ್ಲಚ್ ಪ್ಲೇಟ್, ರೇಡಿಯೇಟರ್ ತೊಳೆಸಿದ್ದು, ಜೊತೆಗೆ ಜೆ.ಸಿ. ರೋಡಿನಿಂದ ತಂದ ರೂಫ್ ಕ್ಯಾರಿಯರ್. ಕ್ಯಾರಿಯರ್ ಬಗ್ಗೆ ಆಮೇಲೆ ಬೈಯುತ್ತೇನೆ.

ಐದು ಜನ, ಎರಡು ಗಾಡಿ. ಇನ್ನೊಂದು ಗೆಳೆಯನ ಮಹೀಂದ್ರಾ ಥಾರ್, ಅದಕ್ಕೆ ಎ.ಸಿ. ಇದೆ ಅಂತ ದಾರಿಯುದ್ದಕ್ಕೂ ಎಲ್ಲರೂ ಅದರಲ್ಲೇ ಕೂರೋಕೆ ಜಗಳ. ಹೆದ್ದಾರಿ 48 ಹಿಡಿದು ಬೆಳಗಾವಿ, ಪುಣೆ, ಅಹಮದಾಬಾದ್, ಅಲ್ಲಿಂದ ಬಾರ್ಮೇರ್ ಮೇಲೆ ಜೈಸಲ್ಮೇರ್. 2000 ಕಿ.ಮೀ.ಗೂ ಜಾಸ್ತಿ. ಜಿಪ್ಸಿ 80 ದಾಟಿದರೆ ಒಳಗೆ ಮಾತು ಕೇಳಿಸುವುದಿಲ್ಲ, ಹಾಗಾಗಿ ದಾರಿಯ ಬಗ್ಗೆ ಹೇಳೋಕೆ ಅಷ್ಟೇ ಇರುವುದು.

ಮರಳು ದಿಬ್ಬ ನೋಡೋಕೆ ಸಮ್ ಅನ್ನೋ ಊರಿನ ಕಡೆ ಜನ ಜಾಸ್ತಿ, ಅದಕ್ಕೆ ಖುರಿ ಅನ್ನೋ ಊರಿನ ಕಡೆ ಹೋದೆವು. ಅಲ್ಲೇ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ, ನಮ್ಮ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಯ ದೊಡ್ಡ ನೆಲೆ ಅದು. ಪಾರ್ಕಿನ ಒಳಗೆ ಚಕ್ರ ಇಡಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ದಾರಿ ತೋರಿಸೋಕೆ ಊರಿನ ಒಬ್ಬ ಹಿರಿಯರು ಜೊತೆಗೆ ಬಂದರು, ಎಲ್ಲರೂ ಅವರನ್ನು ಕಾಕಾ ಅಂತಿದ್ದರು.

ಮೊದಲ ದಿಬ್ಬ. ಟೈರಿನಲ್ಲಿ 26 ಪಿ.ಎಸ್.ಐ. ಗಾಳಿ, ತಲೆಯಲ್ಲಿ ಅದಕ್ಕಿಂತ ಜಾಸ್ತಿ. ನೂರು ಮೀಟರ್ ಹೋಗಿರಲಿಲ್ಲ, ಗಾಡಿ ಕುಸಿಯಿತು. ನಾನೋ, ಮಡಿಕೇರಿಯ ಕೆಸರಿನಲ್ಲಿ ಕಲಿತವನು, ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಕೆಸರಿನಲ್ಲಿ ಕೆಲವು ಸಲ ಚಕ್ರ ತಿರುಗಿ ತಿರುಗಿ ಕೆಳಗೆ ಗಟ್ಟಿ ನೆಲ ಸಿಗುತ್ತದೆ. ಮರಳಿನಲ್ಲಿ ಏನೂ ಸಿಗುವುದಿಲ್ಲ, ಬಾವಿ ತೋಡಿದ ಹಾಗೆ. ಆಕ್ಸಲ್ ನೆಲಕ್ಕೆ ಕೂತಿತು. ಜ್ಯಾಕ್ ಇಟ್ಟರೆ ಜ್ಯಾಕೇ ಒಳಗೆ ಹೋಯಿತು. ಅದರ ಕೆಳಗೆ ಹಲಗೆ ಬೇಕು, ನಮ್ಮ ಹತ್ತಿರ ಇದ್ದದ್ದು ಚಪಾತಿ ಮಣೆ. ಅದು ಎರಡು ಹೋಳು. 'ಮಗಾ, ಇನ್ನು ಮೂರು ದಿನ ಅನ್ನವೇ ಗತಿ' ಅಂದ ಥಾರ್‌ನವನು.

ಕಾಕಾ ಬಂದು ನೋಡಿ ಒಂದೇ ಮಾತು ಹೇಳಿದರು: ಹವಾ ನಿಕಾಲೋ. ನಾಲ್ಕೂ ಟೈರ್ 15ಕ್ಕೆ ಇಳಿಸಿದೆವು. ಗಾಳಿ ಕಮ್ಮಿಯಾದರೆ ಟೈರ್ ಅಗಲಕ್ಕಿಂತ ಉದ್ದಕ್ಕೆ ಜಾಸ್ತಿ ಹರಡುತ್ತದೆ, ಭಾರ ಹಂಚಿಹೋಗುತ್ತದೆ. ಚಕ್ರದ ಮುಂದಿನ ಮರಳು ಸಲಿಕೆಯಲ್ಲಿ ತೆಗೆದು, ಲೋ ರೇಂಜ್ (ವೇಗ ಕಮ್ಮಿ, ಎಳೆಯುವ ಶಕ್ತಿ ಜಾಸ್ತಿ), ಎರಡನೇ ಗೇರ್, ಮೆಲ್ಲಗೆ ಕ್ಲಚ್ ಬಿಟ್ಟೆ. ಹಗ್ಗ ಕೂಡ ಬೇಕಾಗಲಿಲ್ಲ, ಎದ್ದು ಬಂತು! ಗಾಡಿ ಎಳೆಯೋಕೆ ಅಂತ ತಂದಿದ್ದ ಅಷ್ಟೂ ದುಬಾರಿ ಸಾಮಾನು ಕವರ್ ಕೂಡ ಬಿಚ್ಚದೆ ಉಳಿಯಿತು. ಆಮೇಲೆ ಕಲಿತದ್ದು ಇನ್ನೂ ಎರಡು. ನಿಲ್ಲಿಸುವಾಗ ಬ್ರೇಕ್ ಒತ್ತಬಾರದು, ಇಳಿಜಾರಿನಲ್ಲಿ ತಾನೇ ನಿಲ್ಲೋಕೆ ಬಿಡಬೇಕು, ಇಲ್ಲದಿದ್ದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ಗಾಳಿ ಕಮ್ಮಿ ಇರುವಾಗ ಜೋರಾಗಿ ಸ್ಟೀರಿಂಗ್ ತಿರುಗಿಸಿದರೆ ಟೈರ್ ರಿಮ್ ಬಿಟ್ಟು ಬರುತ್ತದೆ.

ಇನ್ನು ಕ್ಯಾರಿಯರ್. ಮೇಲೆ 20 ಲೀಟರಿನ ಎರಡು ನೀರಿನ ಕ್ಯಾನ್, ಅಂದರೆ 40 ಕೆ.ಜಿ. ತಲೆ ಮೇಲೆ. ಓರೆ ದಿಬ್ಬದಲ್ಲಿ ಗಾಡಿ ವಾಲಿದಾಗ ಹೊಟ್ಟೆಯಲ್ಲಿ ಆದದ್ದು ನನಗೇ ಗೊತ್ತು. ಅಲ್ಲೇ ಕ್ಯಾನ್ ಇಳಿಸಿ ಸೀಟಿನ ಹಿಂದೆ ಕಟ್ಟಿದೆವು.

ರಾತ್ರಿ ಪುಳಿಯೋಗರೆ ಗೊಜ್ಜು, ಅನ್ನ, ಅರ್ಧ ಮರಳು. ಬೆಂಗಳೂರಿನ ಸ್ವೆಟರ್ ಅಲ್ಲಿನ ಜನವರಿ ಚಳಿಗೆ ಲೆಕ್ಕಕ್ಕೇ ಇಲ್ಲ. ಬೆಂಕಿಗೆ ಅಂತ ಒಬ್ಬ ಖೇಜಡಿ (ನಮ್ಮ ಬನ್ನಿ) ಮರದ ಕೊಂಬೆಗೆ ಕೈ ಹಾಕಿದ, ಅಷ್ಟು ಹೊತ್ತು ನಗುತ್ತಾ ಇದ್ದ ಕಾಕಾ ಸಿಟ್ಟಾದರು. ಜೋಧಪುರದ ಹತ್ತಿರ 1730ರಲ್ಲಿ ಆ ಮರಗಳನ್ನು ಕಡಿಯೋದು ತಡೆಯೋಕೆ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟಿದ್ದರು ಅಂತ ನೆನಪಾಗಿ ಎಲ್ಲರೂ ತೆಪ್ಪಗಾದೆವು. ಸ್ಟೌವ್ ಸುತ್ತಲೇ ಕೂತೆವು.

ಡಾಂಬರು ಸಿಕ್ಕ ಮೇಲೆ ಮತ್ತೆ ಗಾಳಿ ತುಂಬಬೇಕಲ್ವಾ, ಇಲ್ಲದಿದ್ದರೆ ಟೈರ್ ಕಾದು ಹಾಳಾಗುತ್ತದೆ. ಅಗ್ಗದ ಕಂಪ್ರೆಸರ್ ಎರಡು ಟೈರಿಗೇ ಬಿಸಿಯಾಗಿ ನಿಂತಿತು. ನಾಲ್ಕು ಮುಗಿಯೋಕೆ ಒಂದೂವರೆ ಗಂಟೆ.

ಈಗಿನ ಸ್ಥಿತಿ: ಏರ್ ಫಿಲ್ಟರ್ ಬದಲಾಯಿಸಿದೆ, ಕ್ಯಾರಿಯರ್ ಬಿಚ್ಚಿ ಮಾಳಿಗೆಗೆ ಹಾಕಿದೆ, ಒಳ್ಳೆಯ ಕಂಪ್ರೆಸರಿಗೆ ದುಡ್ಡು ಕೂಡಿಸುತ್ತಿದ್ದೇನೆ. ಹೊಸ ಮಣೆ ತರುವವರೆಗೂ ಅಮ್ಮ ಮಾತು ನಿಲ್ಲಿಸುವ ಹಾಗೆ ಕಾಣುವುದಿಲ್ಲ. ಎಡಗಡೆ ಹಿಂದಿನ ಚಕ್ರದಲ್ಲಿ ಕಿರ್ ಅಂತ ಸದ್ದು. ಬ್ರೇಕ್ ಡ್ರಮ್ಮಿನಲ್ಲಿ ಮರಳು ಸೇರಿದೆ ಅಂತ ನಾನು, ಬೇರಿಂಗ್ ಹೋಗಿದೆ ಅಂತ ಥಾರ್‌ನವನು. ಮಸಾಲೆ ದೋಸೆಗೆ ಬೆಟ್ ಕಟ್ಟಿದ್ದೇವೆ, ಭಾನುವಾರ ಡ್ರಮ್ ಬಿಚ್ಚುತ್ತೇನೆ.