ಬೀಟೆ ಮರ ತೆರೆಯದ ಭಾನುವಾರ

ಶಿರಸಿ ಕಡೆಯ ನಮ್ಮ ಮನೆ ಸುತ್ತ ಇರುವ ಮರಗಳಿಗೆ ಒಂದು ವೆಬ್ ಪುಟ ಮಾಡಬೇಕು ಅಂತ ತುಂಬಾ ದಿನದ ಆಸೆ. ಒಂದು ಭಾನುವಾರ ಆಯಿ ಹೆಸರು ಹೇಳುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ಹೆಸರು ಒತ್ತಿದರೆ ಆ ಮರದ ಫೋಟೊ ತೆರೆಯಬೇಕು, ಅಷ್ಟೇ.

ಪುಟದಲ್ಲಿ ಪ್ರತಿ ಮರದ ಭಾಗಕ್ಕೂ ಐಡಿ, ಅಂದರೆ ಒಂದು ಗುರುತಿನ ಹೆಸರು, ಬೇಕು. ಆ ಐಡಿಗಳನ್ನೂ ಕನ್ನಡದಲ್ಲೇ ಇಟ್ಟೆ. ಸುಮ್ನೆ ಇಂಗ್ಲಿಷ್‌ನಲ್ಲಿ ನಂಬರ್ ಕೊಟ್ಟುಬಿಡು ಎಂದು ಗೆಳೆಯ ಹೇಳಿದ್ದ. ನನಗೆ ಮನಸ್ಸಾಗಲಿಲ್ಲ. ಮರಕ್ಕೆ ಹೆಸರಿದೆ ಅಲ್ವಾ? ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ 5ರ ಪ್ರಕಾರ ಐಡಿ ಖಾಲಿ ಇರಬಾರದು, ಅದರೊಳಗೆ ಸ್ಪೇಸ್ ಇರಬಾರದು. ಕನ್ನಡಕ್ಕೆ ಅಡ್ಡಿಯೇ ಇಲ್ಲ. ಪುಟದಲ್ಲಿ ಬೇಕಾದ ಭಾಗವನ್ನು ಆರಿಸಲು ಬರೆಯುವ ಸೆಲೆಕ್ಟರ್‌ನಲ್ಲೂ #ಹಲಸು ಎಂದು ಹಾಗೇ ಬರೆಯಬಹುದು; # ಅಂದರೆ ಐಡಿ.

ಮೊದಲು ಸಿಕ್ಕಿಕೊಂಡಿದ್ದು ಅಪ್ಪೆಮಾವು. ಅದರ ಐಡಿ ಮಾವು.ಅಪ್ಪೆ ಎಂದಿತ್ತು. ಸೆಲೆಕ್ಟರ್ ಕೊಟ್ಟರೆ ಆ ಭಾಗವನ್ನು ಹುಡುಕಿಕೊಡುವ ಕ್ವೆರಿಸೆಲೆಕ್ಟರ್‌ಗೆ '#ಮಾವು.ಅಪ್ಪೆ' ಕೊಟ್ಟರೆ ಬಂದಿದ್ದು ನಲ್, ಅಂದರೆ ಏನೂ ಸಿಗಲಿಲ್ಲ. ಎರರ್ ಕೂಡ ಇಲ್ಲ. ಸೆಲೆಕ್ಟರ್ ಕಣ್ಣಿಗೆ ಚುಕ್ಕಿ ಅಂದರೆ ಕ್ಲಾಸ್, ಹಲವು ಭಾಗಗಳಿಗೆ ಒಟ್ಟಾಗಿ ಇಡಬಹುದಾದ ಗುಂಪಿನ ಹೆಸರು. ‘ಮಾವು’ ಎಂಬ ಐಡಿ, ‘ಅಪ್ಪೆ’ ಎಂಬ ಕ್ಲಾಸ್ ಎರಡೂ ಇರುವ ಭಾಗವನ್ನು ಅದು ಹುಡುಕಿದೆ, ಸಿಕ್ಕಿಲ್ಲ, ಸುಮ್ಮನಾಗಿದೆ. ಚುಕ್ಕಿಯ ಬದಲು ( ಎಂಬ ಆವರಣ ಚಿಹ್ನೆ ಇದ್ದಿದ್ದರೆ ಸಿಂಟ್ಯಾಕ್ಸ್ ಎರರ್ ಬಂದು ತಪ್ಪು ಆಗಲೇ ಗೊತ್ತಾಗುತ್ತಿತ್ತು.

ಚುಕ್ಕಿಯ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದೆ. ಆಗಲೂ ನಲ್. ಪುಟದ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್ ಆ ಉದ್ಧರಣ ಚಿಹ್ನೆಗಳೊಳಗಿನ ಬರಹ ಓದುವಾಗ ಆ ಒಂದನ್ನು ತಾನೇ ನುಂಗುತ್ತದೆ, ಸೆಲೆಕ್ಟರ್‌ವರೆಗೆ ಅದು ತಲುಪುವುದೇ ಇಲ್ಲ. '#ಮಾವು\\.ಅಪ್ಪೆ' ಎಂದು ಎರಡು ಹಾಕಿದಾಗ ಫೋಟೊ ಬಂತು. ಸೆಲೆಕ್ಟರ್‌ಗಳ ನಿಯಮ ಬರುವುದು ಸಿಎಸ್‌ಎಸ್ ಎಂಬ ಭಾಷೆಯಿಂದ. ಆಮೇಲೆ ಪ್ರತಿ ಹೆಸರನ್ನೂ ಬ್ಯಾಕ್‌ಸ್ಲ್ಯಾಶ್‌ಗಳನ್ನು ತಾನೇ ಹಾಕುವ ಸಿಎಸ್‌ಎಸ್‌ನ ಎಸ್ಕೇಪ್ ಫಂಕ್ಷನ್ ಮೂಲಕವೇ ಕಳಿಸಿದೆ. ಯಾವ ಚಿಹ್ನೆಗೆ ಏನು ಬೇಕು ಅಂತ ಅದಕ್ಕೆ ಗೊತ್ತು. ಬರೀ ಐಡಿ ಹುಡುಕುವುದಾದರೆ ಗೆಟ್‌ಎಲಿಮೆಂಟ್‌ಬೈಐಡಿ ಸಾಕು, ಅದಕ್ಕೆ ಹೆಸರನ್ನು ಇದ್ದ ಹಾಗೇ ಕೊಡಬಹುದು. ನನಗೆ ಆ ಐಡಿಯ ಒಳಗಿದ್ದ ಫೋಟೊ ಬೇಕಿತ್ತು, ಅದಕ್ಕೇ ಸೆಲೆಕ್ಟರ್.

ಇನ್ನೊಂದು ನೋಡಿ ಬಹಳ ಖುಷಿಯಾಯಿತು. #2ಹಲಸು ಎಂದು ನೇರವಾಗಿ ಬರೆದರೆ ಸೆಲೆಕ್ಟರ್ ಒಪ್ಪುವುದಿಲ್ಲ, ಹೆಸರು ಅಂಕಿಯಿಂದ ಶುರುವಾಗಬಾರದು. #೨ಹಲಸು ಎಂದರೆ ಒಪ್ಪುತ್ತದೆ! ಸಿಎಸ್‌ಎಸ್‌ಗೆ ಅಂಕಿ ಅಂದರೆ 0ಯಿಂದ 9 ಮಾತ್ರ. ನಮ್ಮ ೨ ಅದಕ್ಕೆ ಒಂದು ಅಕ್ಷರ.

ಮಧ್ಯಾಹ್ನ ಊಟವಾದ ಮೇಲೆ ಆಯಿಯ ಕೈಗೆ ಫೋನ್ ಕೊಟ್ಟೆ. ಹಲಸು ತೆರೆಯಿತು. ಮತ್ತಿ, ರಂಜ, ಮುರುಗಲು ತೆರೆದವು. “ತಮಾ, ಬೀಟೆ ಬತ್ತಿಲ್ಲೆ” ಎಂದಳು. ಹೊನ್ನೆಯೂ ಇಲ್ಲ, ನೇರಳೆಯೂ ಇಲ್ಲ. ಆ ಹೆಸರುಗಳಲ್ಲಿ ಚುಕ್ಕಿಯಿಲ್ಲ, ಅಂಕಿಯಿಲ್ಲ. ಪಟ್ಟಿಯಲ್ಲಿದ್ದ ‘ಬೀಟೆ’ಯನ್ನೂ ಐಡಿಯಲ್ಲಿದ್ದ ‘ಬೀಟೆ’ಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಸಂಜೆಯ ಹೊತ್ತಿಗೆ ಎರಡರ ಉದ್ದ ಅಳೆಯಬೇಕು ಅನ್ನಿಸಿತು. ಒಂದು 4, ಇನ್ನೊಂದು 5.

ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಬೀ’ ಬರೆಯಲು ಎರಡು ದಾರಿ ಇದೆ. ದೀರ್ಘ ಈ-ಕಾರವೇ ಒಂದು ಸಂಕೇತ. ಹ್ರಸ್ವ ಇ-ಕಾರದ ಮುಂದೆ ದೀರ್ಘದ ಗುರುತನ್ನು ಬೇರೆಯಾಗಿ ಇಟ್ಟರೂ ಅದೇ ಕಾಣುತ್ತದೆ. ಏ, ಐ, ಒ, ಓ ಕಾರಗಳಿಗೂ ಹೀಗೇ. ‘ಹೊ’ ಎಂಬಲ್ಲಿ ಎ-ಕಾರ, ಊ-ಕಾರ ಎರಡಾಗಿ ಬಿಡಿಸಿಕೊಳ್ಳುತ್ತವೆ. ಪಟ್ಟಿಯನ್ನು ನಾನು ಕೈಯಿಂದ ಟೈಪ್ ಮಾಡಿದ್ದೆ. ಐಡಿಗಳು ಮಾತ್ರ ಹಳೆಯ ಹಾರ್ಡ್ ಡಿಸ್ಕ್‌ನ ಫೋಟೊ ಫೈಲ್‌ಗಳ ಹೆಸರಿನಿಂದ ಬಂದಿದ್ದವು. ಆ ಡಿಸ್ಕ್ ಹೆಸರುಗಳನ್ನು ಬಿಡಿಸಿ ಇಟ್ಟುಕೊಳ್ಳುವಂಥದ್ದು. ಸೆಲೆಕ್ಟರ್ ಸಂಕೇತಕ್ಕೆ ಸಂಕೇತ ಹೋಲಿಸುತ್ತದೆ, ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ನೋಡುವುದಿಲ್ಲ. ಎಸ್ಕೇಪ್ ಫಂಕ್ಷನ್ನೂ ಕನ್ನಡ ಅಕ್ಷರಗಳನ್ನು ಮುಟ್ಟುವುದಿಲ್ಲ. ಕೊಂಬು, ದೀರ್ಘ ಎಂದು ಒಂದನೇ ಕ್ಲಾಸಿನಲ್ಲಿ ಕಲಿತಿದ್ದೆಲ್ಲ ಆವತ್ತು ಮತ್ತೆ ಕಣ್ಣಮುಂದೆ ಬಂತು.

ಐಡಿ ಇಡುವಾಗ ಒಮ್ಮೆ, ಹುಡುಕುವಾಗ ಒಮ್ಮೆ ನಾರ್ಮಲೈಸ್ ಮಾಡಿದೆ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತಂದೆ. ಎರಡೂ ಕಡೆ ಎನ್‌ಎಫ್‌ಸಿ, ಬಿಡಿಸಿದ ಗುರುತುಗಳನ್ನು ಕೂಡಿಸಿದ ರೂಪ. ನಾನು ಸೇರಿಸಿದ್ದು ಎರಡೇ ಸಾಲು.

ದೀಪ ಹಚ್ಚಿ ಬಂದ ಆಯಿ ಮತ್ತೆ ಬೀಟೆ ಒತ್ತಿದಳು. ಹಿತ್ತಲ ಬೇಲಿ ಹತ್ತಿರದ ಮರ ಬಂತು. ಸ್ವಲ್ಪ ಹೊತ್ತು ನೋಡಿ, ಪಟ್ಟಿಯಲ್ಲಿ ಉಪ್ಪಾಗೆ ಇಲ್ಲವಲ್ಲ ಎಂದು ಕೇಳಿದಳು.